ಆಟಕ್ಕುಂಟು, ಲೆಕ್ಕಕ್ಕಿಲ್ಲ

ಮುಂದಿನ ಸಲ ಟೋಲ್ ಪ್ಲಾಜಾದಲ್ಲಿ ಸರದಿಗೆ ಕಾಯುವಾಗ ಮೊಬೈಲ್ ಪಕ್ಕಕ್ಕಿಟ್ಟು ಒಮ್ಮೆ ನೆಲ ನೋಡಿ. ಗೇಟಿನ ಹತ್ತಿರ ರಸ್ತೆಯನ್ನು ಚೌಕಾಕಾರವಾಗಿ ಕೊಯ್ದು, ಆ ಸೀಳಿಗೆ ಟಾರಿನಂಥ ಅಂಟು ತುಂಬಿದ ಗುರುತು ಎಷ್ಟೋ ಕಡೆ ಕಾಣುತ್ತದೆ. ಯಾವುದೋ ಕೇಬಲ್ ಹಾಕಿ ಮುಚ್ಚಿದ್ದಾರೆ ಅಂದುಕೊಂಡು ಮುಂದೆ ಹೋಗ್ತೀವಿ. ಅದರೊಳಗೆ ಕೆಲವು ಸುತ್ತು ತಂತಿ ಇರುತ್ತದೆ. ತಂತಿಯಲ್ಲಿ ಸಣ್ಣ ಪ್ರಮಾಣದ ಪರ್ಯಾಯ ವಿದ್ಯುತ್ ಹರಿಯುತ್ತಿರುತ್ತದೆ. ಅದರ ಮೇಲೆ ಲೋಹದ ದೊಡ್ಡ ವಸ್ತು ಬಂದರೆ ಸುರುಳಿಯ ಇಂಡಕ್ಟೆನ್ಸ್ ಕಡಿಮೆಯಾಗುತ್ತದೆ. ಪಕ್ಕದ ಪೆಟ್ಟಿಗೆಯಲ್ಲಿರೋ ಸರ್ಕ್ಯೂಟ್‌ಗೆ ಆ ವ್ಯತ್ಯಾಸ ಗೊತ್ತಾಗಿ 'ಒಂದು' ಅಂತ ಬರೆದುಕೊಳ್ಳುತ್ತದೆ. ಇಂಥ ಎರಡು ಸುರುಳಿಗಳನ್ನು ಗೊತ್ತಿರುವ ಅಂತರದಲ್ಲಿ ಹೂತರೆ ಗಾಡಿಯ ವೇಗವೂ ಸಿಗುತ್ತದೆ.

ಪ್ರಪಂಚದ ಎಷ್ಟೋ ಹೆದ್ದಾರಿಗಳ ಕೆಳಗೆ ಈ ಸುರುಳಿಗಳು ಮಲಗಿಕೊಂಡು ಹಗಲೂ ರಾತ್ರಿ ಎಣಿಸುತ್ತಿವೆ. ಎಣಿಸಿದ್ದೆಲ್ಲ ಒಂದು ಕಡೆ ಸೇರಿ, ಕೂಡಿ, ಭಾಗವಾಗಿ, ಕೊನೆಗೆ ಒಂದು ವರದಿ ಆಗುತ್ತದೆ. ಆ ವರದಿ ಯಾರದೋ ಮೇಜಿನ ಮೇಲೆ ಬೀಳುತ್ತದೆ. ಅದನ್ನು ನೋಡಿ ರಸ್ತೆ ಅಗಲ ಮಾಡಬೇಕೋ, ಫ್ಲೈಓವರ್ ಕಟ್ಟಬೇಕೋ, ಫುಟ್‌ಪಾತ್ ಕಿತ್ತು ಇನ್ನೊಂದು ಲೇನ್ ಮಾಡಬೇಕೋ ಅಂತ ತೀರ್ಮಾನ ಆಗುತ್ತದೆ. ನಾವು ದಿನಾ ಓಡಾಡೋ ರಸ್ತೆಯ ಹಣೆಬರಹ ಬರೆಯೋದು ಈ ಎಣಿಕೆ.

ಇದರಲ್ಲಿ ನೀತಿ, ಧರ್ಮ ಅಂತ ಚರ್ಚೆ ಮಾಡೋಕೆ ಏನಿದೆ, ಎಣಿಕೆ ಎಣಿಕೆಯೇ ಅಲ್ವಾ ಅಂತ ನಿಮಗೆ ಅನಿಸಬಹುದು. ಸ್ವಲ್ಪ ಒಳಗೆ ಹೋಗಿ ನೋಡೋಣ.

ಮೊದಲನೇ ಪ್ರಶ್ನೆ ಸರಾಸರಿಯದ್ದು. ಸೆನ್ಸರ್ ಕೊಡೋದು ಕ್ಷಣಕ್ಷಣದ ಲೆಕ್ಕ. ಯಾವ ಅಧಿಕಾರಿಯೂ ಅದನ್ನು ಹಾಗೇ ಓದಲ್ಲ. ಅರ್ಧ ನಿಮಿಷದ್ದು ಐದು ನಿಮಿಷಕ್ಕೆ, ಐದು ನಿಮಿಷದ್ದು ಗಂಟೆಗೆ, ಗಂಟೆಯದ್ದು ದಿನಕ್ಕೆ ಸೇರುತ್ತದೆ. ಕೊನೆಗೆ ವರ್ಷದ ಒಟ್ಟು ಗಾಡಿಗಳನ್ನು 365ರಿಂದ ಭಾಗಿಸಿದರೆ 'ವಾರ್ಷಿಕ ಸರಾಸರಿ ದೈನಂದಿನ ಸಂಚಾರ' ಎನ್ನುವ ಒಂದೇ ಒಂದು ಸಂಖ್ಯೆ. ಒಂದು ರಸ್ತೆಗೆ ಒಂದು ಸಂಖ್ಯೆ.

ಒಂದು ಊರು ಕಲ್ಪಿಸಿಕೊಳ್ಳಿ. ವಾರದಲ್ಲಿ ಆರು ದಿನ ಅಲ್ಲಿ 1,000 ಗಾಡಿ ಓಡಾಡುತ್ತವೆ. ಸಂತೆಯ ದಿನ 8,000. ಸರಾಸರಿ ತೆಗೆದರೆ ದಿನಕ್ಕೆ 2,000. ಲೆಕ್ಕ ನೂರಕ್ಕೆ ನೂರು ಸರಿ. ಆದರೆ 2,000 ಗಾಡಿ ಓಡಾಡಿದ ದಿನ ಆ ಊರಲ್ಲಿ ಒಂದೂ ಇಲ್ಲ. 2,000ಕ್ಕೆ ಅಂತ ಸೇತುವೆ ಕಟ್ಟಿದರೆ ಆರು ದಿನ ಅದು ಖಾಲಿ ಹೊಡೆಯುತ್ತದೆ, ಏಳನೇ ದಿನ ಟೊಮೆಟೊ ತುಂಬಿದ ಗಾಡಿ ಅದರ ಮೇಲೆ ಗಂಟೆಗಟ್ಟಲೆ ನಿಂತು ಹಣ್ಣು ಕೊಳೆಯುತ್ತದೆ.

ವೇಗದ ಸರಾಸರಿ ಇನ್ನೂ ಮಜಾ. ಆಫೀಸಿಗೆ 12 ಕಿಲೋಮೀಟರ್. ಬೆಳಗ್ಗೆ ಆರಕ್ಕೆ ಹೊರಟು ಗಂಟೆಗೆ 60ರ ವೇಗದಲ್ಲಿ ಹೋದಿರಿ, ಸಂಜೆ 20ರ ವೇಗದಲ್ಲಿ ತೆವಳಿಕೊಂಡು ಬಂದಿರಿ. ಸರಾಸರಿ ವೇಗ ಎಷ್ಟು? ಕೂಡಿ ಎರಡರಿಂದ ಭಾಗಿಸಿದರೆ 40. ಆ ವೇಗದಲ್ಲಿ 24 ಕಿಲೋಮೀಟರ್‌ಗೆ 36 ನಿಮಿಷ ಸಾಕು. ಆದರೆ ನೀವು ರಸ್ತೆಯಲ್ಲಿ ಕಳೆದದ್ದು ಬೆಳಗ್ಗೆ 12, ಸಂಜೆ 36, ಒಟ್ಟು 48 ನಿಮಿಷ. ಅಂದರೆ ನಿಜವಾದ ಸರಾಸರಿ 30 ಮಾತ್ರ. ಆ 12 ನಿಮಿಷ ಎಲ್ಲಿ ಹೋಯಿತು? ಸರಾಸರಿ ತೆಗೆದ ರೀತಿಯೊಳಗೆ ಕರಗಿ ಹೋಯಿತು. ರಸ್ತೆಯ ಒಂದು ಬಿಂದುವಿನಲ್ಲಿ ಅಳೆದ ವೇಗಗಳನ್ನು ಸುಮ್ಮನೆ ಕೂಡಿ ಭಾಗಿಸಿದರೆ ಜನ ಅನುಭವಿಸೋದಕ್ಕಿಂತ ರಸ್ತೆ ಚೆನ್ನಾಗಿ ಕಾಣುತ್ತದೆ ಅನ್ನೋದನ್ನು ವಾರ್ಡ್ರಾಪ್ ಎಂಬ ಇಂಗ್ಲೆಂಡಿನ ಸಂಚಾರ ಸಂಶೋಧಕ 1952ರಲ್ಲೇ ಗಣಿತದ ಮೂಲಕ ತೋರಿಸಿಕೊಟ್ಟಿದ್ದರು. ಇದನ್ನು ಗೊತ್ತಿದ್ದೂ 40 ಅಂತಲೇ ಬರೆದವನು ಸುಳ್ಳು ಹೇಳಿದನೇ? ಅವನು ಒಂದು ಅಂಕಿಯನ್ನೂ ತಿದ್ದಿಲ್ಲ. ತನಗೆ ಅನುಕೂಲವಾದ ಸೂತ್ರ ಆರಿಸಿಕೊಂಡ, ಅಷ್ಟೇ. ನನ್ನ ಪ್ರಕಾರ ಅದು ಸುಳ್ಳೇ. ಕೇಳಿಸಿಕೊಳ್ಳುವವನಿಗೆ ಏನು ಅರ್ಥವಾಗುತ್ತದೆ ಅಂತ ಗೊತ್ತಿದ್ದು, ಅದು ತಪ್ಪು ಅರ್ಥ ಅಂತಲೂ ಗೊತ್ತಿದ್ದು ಹೇಳಿದ ಮಾತು ಅದು.

ಎರಡನೇ ಪ್ರಶ್ನೆ ನಮ್ಮಂಥವರಿಗೆ, ಅಂದರೆ ದಿನಾ ಎಕ್ಸೆಲ್, ಡ್ಯಾಶ್‌ಬೋರ್ಡ್ ಮುಂದೆ ಕೂರುವವರಿಗೆ, ಇನ್ನೂ ಹತ್ತಿರದ್ದು. ಸೆನ್ಸರ್ ಕೆಟ್ಟು ಹೋದರೆ ಏನು ಮಾಡೋದು?

ಕೆಡುತ್ತವೆ. ರಸ್ತೆ ಅಗೆಯುತ್ತಾರೆ, ತಂತಿ ತುಂಡಾಗುತ್ತದೆ, ನೀರು ಇಳಿಯುತ್ತದೆ, ನೆಟ್‌ವರ್ಕ್ ಹೋಗುತ್ತದೆ. ಆಗ ಟೇಬಲ್‌ನಲ್ಲಿ ಒಂದು ಕೋಶ ಖಾಲಿ. ಖಾಲಿ ಕೋಶ ಇದ್ದರೆ ಗ್ರಾಫ್ ಮುರಿಯುತ್ತದೆ, ಮೀಟಿಂಗ್‌ನಲ್ಲಿ ಪ್ರಶ್ನೆ ಬರುತ್ತದೆ. ಕೆಲವು ಸಾಫ್ಟ್‌ವೇರ್ ಅಲ್ಲಿ ಸೊನ್ನೆ ಕೂರಿಸುತ್ತವೆ. ಸೊನ್ನೆ ಅಂದರೆ 'ನೋಡಿದೆ, ಯಾರೂ ಬರಲಿಲ್ಲ'. ಖಾಲಿ ಅಂದರೆ 'ನಾನು ನೋಡಲೇ ಇಲ್ಲ'. ಇವೆರಡರ ನಡುವೆ ಎಷ್ಟು ದೂರ ಅಂತ ಯೋಚಿಸಿ. ವಾಚ್‌ಮನ್ ರಾತ್ರಿಯೆಲ್ಲ ಎದ್ದಿದ್ದು 'ಯಾರೂ ಬರಲಿಲ್ಲ ಸಾರ್' ಅನ್ನೋದಕ್ಕೂ, ನಿದ್ದೆ ಹೊಡೆದು ಎದ್ದು ಅದೇ ಮಾತು ಹೇಳೋದಕ್ಕೂ ಇರುವ ವ್ಯತ್ಯಾಸ ಅದು. ಮಾತು ಒಂದೇ, ಸತ್ಯ ಬೇರೆ.

ಸೊನ್ನೆ ಬೇಡ ಅಂದರೆ ಅಂದಾಜು ಮಾಡಬಹುದು. ಪಕ್ಕದ ಲೇನ್‌ನ ಸೆನ್ಸರ್ ಏನು ಹೇಳುತ್ತಿದೆ, ಕಳೆದ ವಾರ ಇದೇ ದಿನ ಇದೇ ಹೊತ್ತಿಗೆ ಎಷ್ಟಿತ್ತು ಅಂತ ನೋಡಿ ತುಂಬಬಹುದು. ಇದು ಒಪ್ಪಿತ ಪದ್ಧತಿ, ಮೋಸ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 'ಪೆಮ್ಸ್' ಎಂಬ ವ್ಯವಸ್ಥೆ ಇದೆ. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿ ಅಲ್ಲಿನ ಸಾರಿಗೆ ಇಲಾಖೆಗೆ ಬಂದದ್ದು. ಸುಮಾರು 40 ಸಾವಿರ ಸೆನ್ಸರ್‌ಗಳಿಂದ 30 ಸೆಕೆಂಡ್‌ಗೊಮ್ಮೆ ಮಾಹಿತಿ ತಗೊಂಡು, ಐದು ನಿಮಿಷದ ಲೆಕ್ಕ ಮಾಡಿ, ತೂತು ಬಿದ್ದ ಕಡೆ ಅಂದಾಜಿನಿಂದ ತುಂಬಿ, ವರದಿ ಕೊಡುತ್ತದೆ. ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದು ಕಾಲಮ್. ಈ ಸಂಖ್ಯೆಯಲ್ಲಿ ಶೇಕಡ ಎಷ್ಟು ಭಾಗ ನಿಜವಾಗಿ ಕಂಡದ್ದು ಅಂತ ಅದು ಪಕ್ಕದಲ್ಲೇ ಹೇಳುತ್ತದೆ. 100 ಅಂತಿದ್ದರೆ ಪೂರ್ತಿ ಕಣ್ಣಾರೆ ಕಂಡದ್ದು. 40 ಅಂತಿದ್ದರೆ ಅರ್ಧಕ್ಕಿಂತ ಹೆಚ್ಚು ಊಹೆ.

ಒಂದು ಕಾಲಮ್ ಸೇರಿಸೋದು ಪ್ರೋಗ್ರಾಮ್ ಬರೆಯುವವನಿಗೆ ದೊಡ್ಡ ಕೆಲಸ ಅಲ್ಲ. ಆದರೆ ಅದನ್ನು ಸೇರಿಸೋಕೆ ಒಂದು ಮನಸ್ಸು ಬೇಕು. 'ನನಗೆ ಇಷ್ಟು ಗೊತ್ತು, ಇಷ್ಟು ಗೊತ್ತಿಲ್ಲ' ಅಂತ ದುಡ್ಡು ಕೊಡುವವನ ಮುಂದೆ ಒಪ್ಪಿಕೊಳ್ಳೋ ಮನಸ್ಸು. ನಮ್ಮ ಎಷ್ಟು ಡ್ಯಾಶ್‌ಬೋರ್ಡ್‌ಗಳಲ್ಲಿ, ಎಷ್ಟು ಕ್ವಾರ್ಟರ್ಲಿ ಪ್ರೆಸೆಂಟೇಶನ್‌ಗಳಲ್ಲಿ ಆ ಕಾಲಮ್ ಇದೆ ಹೇಳಿ? ಬಣ್ಣ ಬಣ್ಣದ ಗ್ರಾಫ್ ಇರುತ್ತದೆ. ಅದರಲ್ಲಿ ಕಂಡದ್ದೆಷ್ಟು, ಕಲ್ಪಿಸಿದ್ದೆಷ್ಟು ಅಂತ ಮಾಡಿದವನಿಗೆ ಮಾತ್ರ ಗೊತ್ತು. ಅವನು ಕೆಲಸ ಬಿಟ್ಟು ಹೋದ ಮೇಲೆ ಯಾರಿಗೂ ಗೊತ್ತಿಲ್ಲ.

ಮೂರನೇ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಸೆನ್ಸರ್ ಚೆನ್ನಾಗಿದೆ, ಸೂತ್ರ ಸರಿ ಇದೆ, ಖಾಲಿ ಕೋಶ ಒಂದೂ ಇಲ್ಲ. ಆದರೂ ಆ ವರದಿಯಲ್ಲಿ ಯಾರಿಲ್ಲ?

ಸುರುಳಿಗೆ ಕಾಣೋದು ಲೋಹ. ಕಾಲಲ್ಲಿ ನಡೆಯುವವರು ಅದಕ್ಕೆ ಕಾಣಲ್ಲ. ಸೈಕಲ್ ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ಲೇನ್ ಮಧ್ಯದಲ್ಲಿ ಶಿಸ್ತಾಗಿ ಹೋಗುವ ಕಾರಿಗೆ ಅಂತ ಮಾಡಿದ ಯಂತ್ರ ಅದು. ಎರಡು ಲೇನ್ ನಡುವಿನ ಸಂದಿಯಲ್ಲಿ ನುಸುಳೋ ಸ್ಕೂಟರ್ ಅದರ ಕಣ್ಣು ತಪ್ಪಿಸುತ್ತದೆ. ಅದಕ್ಕೇ ನಮ್ಮ ಊರುಗಳಲ್ಲಿ ಇವತ್ತಿಗೂ ರಸ್ತೆ ಬದಿ ಕುರ್ಚಿ ಹಾಕಿಕೊಂಡು, ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹಾಕೋ ಹುಡುಗರು ಬೇಕಾಗುತ್ತಾರೆ. ಈಗ ಬೆಂಗಳೂರಿನ ಜಂಕ್ಷನ್‌ಗಳಲ್ಲಿ ಕ್ಯಾಮೆರಾಗಳು ಗಾಡಿ ಎಣಿಸಿ ಹಸಿರು ದೀಪ ಎಷ್ಟು ಹೊತ್ತು ಉರಿಯಬೇಕು ಅಂತ ನಿರ್ಧರಿಸೋ ಕಾಲ ಬಂದಿದೆ. ಕಣ್ಣು ಬದಲಾಗಿದೆ, ಒಳ್ಳೇದೇ. ಆದರೆ ಯಾರನ್ನು ಹುಡುಕು ಅಂತ ಆ ಕಣ್ಣಿಗೆ ಹೇಳಿಕೊಟ್ಟಿದ್ದೇವೆ ಅನ್ನೋ ಪ್ರಶ್ನೆ ಹಾಗೇ ಇದೆ.

ಎಣಿಸಿದ ಮೇಲೂ ಎಲ್ಲರೂ ಸಮ ಅಲ್ಲ. ನಮ್ಮ ದೇಶದ ರಸ್ತೆಗಳಿಗೆ ನಿಯಮಾವಳಿ ಬರೆಯುವ ಸಂಸ್ಥೆ 1934ರಲ್ಲಿ ಶುರುವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್, ಐಆರ್‌ಸಿ. ಬೇರೆ ಬೇರೆ ಗಾಡಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗೋಕೆ ಅವರು 'ಪ್ಯಾಸೆಂಜರ್ ಕಾರ್ ಯೂನಿಟ್' ಎಂಬ ಅಳತೆ ಬಳಸುತ್ತಾರೆ. ಹಳ್ಳಿಗಾಡಿನ ರಸ್ತೆಗಳಿಗೆಂದು 1990ರಲ್ಲಿ ಬಂದ ಪಟ್ಟಿಯಲ್ಲಿ ಕಾರು 1, ಸ್ಕೂಟರ್ ಅರ್ಧ, ಸೈಕಲ್ ಅರ್ಧ, ಬಸ್ಸು 3, ಎತ್ತಿನ ಗಾಡಿ 8. ಎತ್ತಿನ ಗಾಡಿ ಎಂಟು ಕಾರಿಗೆ ಸಮ ಅಂತ ಓದಿ ಖುಷಿಪಡಬೇಡಿ. ಎಂಟು ಕಾರಿನಷ್ಟು ಅಡ್ಡಿ ಅಂತ ಅದರ ಅರ್ಥ. ಈ ತಕ್ಕಡಿ ತೂಗೋದು ಯಾರು ರಸ್ತೆಯ ಎಷ್ಟು ಜಾಗ ತಿನ್ನುತ್ತಾರೆ, ಉಳಿದವರನ್ನು ಎಷ್ಟು ನಿಧಾನ ಮಾಡುತ್ತಾರೆ ಅನ್ನೋದನ್ನು. ಐವತ್ತು ಜನ ಕೂತ ಬಸ್ಸು 3. ಒಬ್ಬೊಬ್ಬರೇ ಕೂತ ಮೂರು ಕಾರು ಕೂಡ 3. ವರದಿಯಲ್ಲಿ ಎರಡೂ ಒಂದೇ. ಐವತ್ತು ಜನರ ಬೆಳಗಿನ ಹೊತ್ತು ಮೂರು ಜನರ ಬೆಳಗಿನ ಹೊತ್ತಿಗೆ ಸಮವಾಯಿತು. ರಸ್ತೆ ಎಷ್ಟು ಅಗಲ ಇರಬೇಕು ಅಂತ ಲೆಕ್ಕ ಹಾಕೋಕೆ ಈ ಅಳತೆ ಬೇಕು, ಎಂಜಿನಿಯರ್‌ಗಳ ಮೇಲೆ ನನಗೆ ಜಗಳ ಇಲ್ಲ. ಆದರೆ ರಸ್ತೆ ಯಾರಿಗಾಗಿ ಅಂತ ನಿರ್ಧರಿಸೋಕೂ ಅದೇ ಅಳತೆ ಬಳಸಿದಾಗ, ಗಣಿತದ ಬಟ್ಟೆ ತೊಟ್ಟ ಒಂದು ನೈತಿಕ ತೀರ್ಪು ಸದ್ದಿಲ್ಲದೆ ಒಳಗೆ ಬಂದು ಕೂರುತ್ತದೆ.

ಕನ್ನಡದಲ್ಲಿ 'ಲೆಕ್ಕ' ಅನ್ನೋ ಪದ ಇದೆಯಲ್ಲ, ಅದು ಬಹಳ ಬುದ್ಧಿವಂತ ಪದ. ಎಣಿಸೋದಕ್ಕೂ ಲೆಕ್ಕ, ಗೌರವ ಕೊಡೋದಕ್ಕೂ ಲೆಕ್ಕ. 'ನನ್ನನ್ನ ಯಾರು ಲೆಕ್ಕಕ್ಕೆ ತಗೋತಾರೆ' ಅಂತ ಅಜ್ಜಿ ಗೊಣಗಿದರೆ ಅವಳು ಜನಗಣತಿಯ ವಿಷಯ ಮಾತಾಡ್ತಿಲ್ಲ. ಮಕ್ಕಳ ಆಟದಲ್ಲಿ ತೀರಾ ಚಿಕ್ಕವನೊಬ್ಬ ಹಟ ಮಾಡಿ ಸೇರಿಕೊಂಡರೆ 'ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ' ಅಂತ ತೀರ್ಮಾನ ಆಗುತ್ತದೆ. ಅವನು ಓಡಬಹುದು, ಬೀಳಬಹುದು, ಮಂಡಿ ತರಚಿಕೊಳ್ಳಬಹುದು. ಔಟ್ ಆದರೂ ಔಟ್ ಅಲ್ಲ, ಗೆದ್ದರೂ ಗೆಲುವಲ್ಲ. ಆಟದಲ್ಲಿ ಇದು ಕರುಣೆ. ರಸ್ತೆಯಲ್ಲಿ?

2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಜನ ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ಶೇಕಡ 44.5 ದ್ವಿಚಕ್ರ ವಾಹನದವರು. ಶೇಕಡ 19.5, ಅಂದರೆ 32,825 ಜನ, ಪಾದಚಾರಿಗಳು. ಐದರಲ್ಲಿ ಒಬ್ಬರು ಸುಮ್ಮನೆ ನಡೆದು ಹೋಗುತ್ತಿದ್ದವರು. ಸುರುಳಿಗೆ ಸರಿಯಾಗಿ ಕಾಣದ, ಕಾರಿನ ಯೂನಿಟ್‌ನಲ್ಲಿ ಅರ್ಧವಾದ ಅಥವಾ ಸಾಲೇ ಇಲ್ಲದ ಈ ಜನ ಇನ್ನೊಂದು ವರದಿಯಲ್ಲಿ ತಪ್ಪದೆ ಎಣಿಕೆಗೆ ಸಿಗುತ್ತಾರೆ. ಬದುಕಿ ಓಡಾಡುವಾಗ ಲೆಕ್ಕಕ್ಕಿಲ್ಲ, ಸತ್ತ ಮೇಲೆ ಲೆಕ್ಕಕ್ಕುಂಟು.

ಇದು ಬರೀ ಮಾತಿನ ಚಮತ್ಕಾರ ಅನಿಸಿದರೆ ರಸ್ತೆ ದಾಟೋ ಜಾಗದ ನಿಯಮ ನೋಡಿ. ಪಾದಚಾರಿಗಳ ಸೌಲಭ್ಯಕ್ಕೆ ಐಆರ್‌ಸಿಯದೇ ಒಂದು ಮಾರ್ಗಸೂಚಿ ಇದೆ. ಅದರ 1988ರ ಆವೃತ್ತಿಯಲ್ಲಿ ಒಂದು ಸೂತ್ರವಿತ್ತು. ದಟ್ಟಣೆಯ ಗಂಟೆಯಲ್ಲಿ ದಾಟುವ ಜನರ ಸಂಖ್ಯೆಯನ್ನು ವಾಹನಗಳ ಸಂಖ್ಯೆಯ ವರ್ಗದಿಂದ ಗುಣಿಸಬೇಕು. ಡಿವೈಡರ್ ಇಲ್ಲದ ರಸ್ತೆಯಲ್ಲಿ ಅದು 10 ಕೋಟಿ ದಾಟಿದರೆ ಅಲ್ಲಿ ದಾಟುವ ವ್ಯವಸ್ಥೆ ಮಾಡಬಹುದು. ಗಂಟೆಗೆ 1,000 ಗಾಡಿ ಇದ್ದರೆ 100ಕ್ಕಿಂತ ಹೆಚ್ಚು ಜನ ದಾಟುತ್ತಿರಬೇಕು. ನೋಡೋಕೆ ನ್ಯಾಯವಾಗಿದೆ. ಆದರೆ ದಾಟೋಕೇ ಹೆದರಿಕೆಯಾಗುವ ಜಾಗದಲ್ಲಿ ಯಾರು ದಾಟುತ್ತಾರೆ? ವಯಸ್ಸಾದವರು ಆ ಕಡೆಯ ಅಂಗಡಿಗೆ ಹೋಗೋದನ್ನೇ ಬಿಡುತ್ತಾರೆ. ಮಕ್ಕಳನ್ನು ಶಾಲೆಗೆ ಸ್ಕೂಟರ್‌ನಲ್ಲಿ ಬಿಡೋಕೆ ಶುರು ಮಾಡುತ್ತೇವೆ. ಎಣಿಸೋಕೆ ಬಂದವರಿಗೆ ಸಿಗೋದು ಹತ್ತೋ ಹದಿನೈದೋ ಗಟ್ಟಿಗರು. 'ಇಲ್ಲಿ ಬೇಡಿಕೆ ಇಲ್ಲ' ಅಂತ ವರದಿ ಆಗುತ್ತದೆ. ಬಾಗಿಲಿಗೆ ಬೀಗ ಜಡಿದು, ಯಾರೂ ಒಳಗೆ ಬರಲಿಲ್ಲ ಅಂತ ಬರೆದುಕೊಂಡ ಹಾಗೆ. ಅದೇ ಮಾರ್ಗಸೂಚಿ ಬೇರೆ ದಾರಿಗಳನ್ನೂ ಕೊಟ್ಟಿತ್ತು. ಕಾಯುವ ಸಮಯ ತೀರಾ ಹೆಚ್ಚಾಗಿದ್ದರೆ ಮಾಡಬಹುದು. ಆ ಜಾಗದಲ್ಲಿ ವರ್ಷಕ್ಕೆ ಐದೋ ಹೆಚ್ಚೋ ಪಾದಚಾರಿಗಳು ಗಾಯಗೊಂಡಿದ್ದರೂ ಮಾಡಬಹುದು. ಕೊನೆಯದನ್ನು ಇನ್ನೊಮ್ಮೆ ಓದಿ. ಆರನೆಯವನು ಸುರಕ್ಷಿತವಾಗಿ ದಾಟಬೇಕಾದರೆ ಮೊದಲ ಐವರು ತಮ್ಮ ಮೈಯಿಂದಲೇ ಅರ್ಜಿ ಸಲ್ಲಿಸಬೇಕು.

ಇನ್ನೊಂದು ಉದಾಹರಣೆ ನಮಗೆಲ್ಲ ಗೊತ್ತಿರೋದೇ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಬೈಕ್, ಆಟೋ, ಟ್ರ್ಯಾಕ್ಟರ್ ಓಡಾಡುವಂತಿಲ್ಲ. ಭಾರೀ ವೇಗದ ಕಾರುಗಳ ನಡುವೆ ಅವು ಬರೋದು ಅಪಾಯ ಅನ್ನೋ ಕಾರಣ ಸುಳ್ಳಲ್ಲ. ಆದರೆ ಆ ದಿನದಿಂದ ಮುಖ್ಯ ಪಥವನ್ನು ಮಾತ್ರ ಎಣಿಸಿ ಯಾರಾದರೂ ವರದಿ ಮಾಡಿದರೆ, ಮಂಡ್ಯದ ರೈತನ ಬೈಕು ಮಾಯವಾಗಿರುತ್ತದೆ. ಅವನು ಮಾಯವಾಗಿಲ್ಲ, ಸರ್ವಿಸ್ ರಸ್ತೆಯಲ್ಲಿದ್ದಾನೆ. ವರದಿಯ ಅಂಚಿನಿಂದ ಆಚೆ ಹೋದವನು ಬದುಕಿನ ಅಂಚಿನಿಂದ ಆಚೆ ಹೋಗಿಲ್ಲ. ಸರ್ವಿಸ್ ರಸ್ತೆಯಲ್ಲಿ ಒಂದು ಸೆನ್ಸರ್ ಇಡಬೇಕು ಅಂತ ಯಾರಿಗೆ ನೆನಪಾಗುತ್ತದೆ ಅನ್ನೋದೇ ಪ್ರಶ್ನೆ.

ಹಾಗಾದರೆ ಎಲ್ಲರನ್ನೂ, ಎಲ್ಲವನ್ನೂ ಎಣಿಸಿಬಿಡೋಣ, ಕ್ಯಾಮೆರಾ ಹೇಗೂ ಅಗ್ಗ ಅಂತ ನೀವು ಹೇಳಬಹುದು. ಇಲ್ಲಿ ನನಗೂ ಅಳುಕಿದೆ. ನೆಲದೊಳಗಿನ ಸುರುಳಿಗೆ ಒಂದು ದೊಡ್ಡ ಗುಣವಿತ್ತು. ಅದಕ್ಕೆ 'ಒಂದು ಗಾಡಿ' ಗೊತ್ತು, 'ನಿಮ್ಮ ಗಾಡಿ' ಗೊತ್ತಿಲ್ಲ. ಎಣಿಸಿ ಮರೆತುಬಿಡುತ್ತಿತ್ತು. ನಂಬರ್ ಪ್ಲೇಟ್ ಓದೋ ಕ್ಯಾಮೆರಾ ಮರೆಯಬೇಕಾಗಿಲ್ಲ. ನೀವು ಮಂಗಳವಾರ ರಾತ್ರಿ ಹನ್ನೊಂದಕ್ಕೆ ಯಾವ ಸಿಗ್ನಲ್‌ನಲ್ಲಿದ್ದಿರಿ ಅಂತ ಅದು ಇಟ್ಟುಕೊಳ್ಳಬಲ್ಲದು. ಲೆಕ್ಕಕ್ಕೆ ತಗೊಳ್ಳಿ ಅಂತ ಕೇಳಿದವರಿಗೆ ಬೆನ್ನ ಹಿಂದೆ ಬೀಳೋ ಕಣ್ಣು ಸಿಕ್ಕರೆ ಅದು ನ್ಯಾಯ ಅಲ್ಲ. ಎಣಿಸೋದು ಬೇರೆ, ಗುರುತಿಟ್ಟುಕೊಳ್ಳೋದು ಬೇರೆ. ರಸ್ತೆ ಕಟ್ಟೋಕೆ ಮೊದಲನೆಯದು ಸಾಕು. ಎಷ್ಟು ಜನ ಅಂತ ತಿಳಿಯೋಕೆ ಯಾರು ಅಂತ ಕೇಳಬೇಕಾಗಿಲ್ಲ.

ಇನ್ನೊಂದು ಮಾತನ್ನೂ ನೀವು ಹೇಳಬಹುದು. ವರದಿ ತಯಾರಿಸುವವನು ಬರೀ ತಯಾರಿಸುವವನು. ಏನು ಎಣಿಸಬೇಕು ಅಂತ ಹೇಳಿದವರು ಬೇರೆ, ಓದಿ ತೀರ್ಮಾನ ಮಾಡುವವರು ಬೇರೆ. ಮಧ್ಯದಲ್ಲಿ ಕೂತವನ ತಲೆಗೆ ಯಾಕೆ ಈ ಭಾರ? ಸಂಬಳಕ್ಕೆ ದುಡಿಯೋ ನಮಗೆಲ್ಲ ಇದು ಬಹಳ ಹಿತವಾದ ವಾದ. ಆದರೆ ನಡುವೆ ಕೂತವನಿಗೆ ಮಾತ್ರ ಗೊತ್ತಿರೋ ಒಂದು ವಿಷಯ ಇದೆ: ಏನನ್ನು ಬಿಡಲಾಗಿದೆ ಅನ್ನೋದು. ಮೇಲಿನವರು ಸಂಖ್ಯೆ ಮಾತ್ರ ನೋಡುತ್ತಾರೆ. ರಸ್ತೆಯಲ್ಲಿರುವವರಿಗೆ ಅಂಥದ್ದೊಂದು ವರದಿ ಇದೆ ಅಂತಲೇ ಗೊತ್ತಿಲ್ಲ. ಕಾಣುವವನು ಅವನೊಬ್ಬನೇ ಆದಾಗ ಹೇಳೋ ಜವಾಬ್ದಾರಿಯೂ ಅವನದೇ. ತೀರ್ಮಾನ ಬದಲಿಸೋ ಅಧಿಕಾರ ಅವನಿಗಿಲ್ಲ, ನಿಜ. ಒಂದು ಸಾಲು ಬರೆಯೋ ಅಧಿಕಾರ ಇದೆ.

ಆ ಸಾಲಿಗೆ ಬೆಲೆ ಇದೆಯಾ? ಐಆರ್‌ಸಿಯ 1972ರ ಇನ್ನೊಂದು ದಾಖಲೆ ನೆನಪಾಗುತ್ತದೆ, ನಗರದ ಹೊರಗಿನ ರಸ್ತೆಗಳ ಸಂಚಾರ ಗಣತಿ ಹೇಗೆ ಮಾಡಬೇಕು ಅನ್ನೋದರ ಬಗ್ಗೆ. ವರ್ಷಕ್ಕೆ ಎರಡು ಸಲ, ಪ್ರತಿ ಸಲ ಸತತ ಏಳು ದಿನ, ದಿನಕ್ಕೆ 24 ಗಂಟೆ ಎಣಿಸಿ ಅನ್ನುತ್ತದೆ ಅದು. ಒಂದು ಸಲ ಸುಗ್ಗಿ ಮತ್ತು ಮಾರಾಟದ ಕಾಲದಲ್ಲಿ, ಇನ್ನೊಂದು ಸಲ ಬಿಡುವಿನ ಕಾಲದಲ್ಲಿ. ಒಣ ಸರ್ಕಾರಿ ಭಾಷೆ. ಆದರೆ ಏಳು ದಿನ ಸತತವಾಗಿ ಎಣಿಸಿದರೆ ಸಂತೆಯ ದಿನ ತಪ್ಪಿಸಿಕೊಳ್ಳೋಕೆ ಸಾಧ್ಯವಿಲ್ಲ. ಸುಗ್ಗಿಯಲ್ಲಿ ಎಣಿಸಿದರೆ ಭತ್ತದ ಮೂಟೆ ಹೊತ್ತ ಗಾಡಿ ತಪ್ಪಲ್ಲ. ಆ ಸಾಲು ಬರೆದವರು ಯಾರೋ ಗೊತ್ತಿಲ್ಲ. ಹಳ್ಳಿಯ ರಸ್ತೆಗೆ ಬೇರೆ ಬೇರೆ ದಿನಗಳಿವೆ, ಋತುಗಳಿವೆ ಅಂತ ಅವರಿಗೆ ಗೊತ್ತಿತ್ತು. ಅದನ್ನು ನಿಯಮದೊಳಗೆ ಸೇರಿಸಿದರು. ಐವತ್ತು ವರ್ಷದ ಹಿಂದೆ, ಸೆನ್ಸರ್ ಇಲ್ಲದೆ, ಪೆನ್ಸಿಲ್ ಹಿಡಿದು ಎಣಿಸೋ ಕಾಲದಲ್ಲಿ.

ನಮ್ಮ ಹತ್ತಿರ ಈಗ ಸೆಕೆಂಡ್‌ಗಳ ಲೆಕ್ಕ ಇದೆ. ಯಾವ ವರದಿ ಮಾಡಿದರೂ, ಅದು ರಸ್ತೆಯದ್ದಿರಲಿ, ಆ್ಯಪ್‌ನದ್ದಿರಲಿ, ಆಸ್ಪತ್ರೆಯದ್ದಿರಲಿ, ಕೆಳಗೆ ಮೂರು ಸಾಲು ಹಾಕೋಣ. ಇಷ್ಟು ಕಂಡದ್ದು. ಇಷ್ಟು ಊಹಿಸಿದ್ದು. ಇಂಥವರು ನಮ್ಮ ಸೆನ್ಸರ್‌ಗೆ ಕಾಣುವುದಿಲ್ಲ. ಮೊದಲೆರಡು ಸಾಲಿಗೆ ಯಾರೂ ಆಕ್ಷೇಪ ಮಾಡಲ್ಲ. ಮೂರನೆಯದನ್ನು ತೆಗೆದುಹಾಕಿ, ಕ್ಲೈಂಟ್‌ಗೆ ಗೊಂದಲ ಆಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗ ಏನು ಮಾಡ್ತೀರಿ ಅನ್ನೋದನ್ನು ಈಗಲೇ ಯೋಚಿಸಿಟ್ಟುಕೊಳ್ಳಿ.